ಗೋವಿನಜೋಳದ ಎಥೆನಾಲ್: ಲೀಟರಿಗೆ ಖಾತ್ರಿ, ಕ್ವಿಂಟಲಿಗೆ ಇಲ್ಲ

ರಾಮದುರ್ಗ: ಇಂದು ಬಂಕಿನಲ್ಲಿ ವಾಹನಕ್ಕೆ ಹಾಕಿಸಿಕೊಳ್ಳುವ ಪ್ರತಿ ಲೀಟರ್ ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥೆನಾಲ್. ಎಥೆನಾಲ್ ಎಂದೊಡನೆ ನಮ್ಮ ಭಾಗದವರಿಗೆ ನೆನಪಾಗುವುದು ಕಬ್ಬು. ಆದರೆ ಚಿತ್ರ ಬದಲಾಗಿದೆ. ತೈಲ ಕಂಪನಿಗಳು 2025-26ನೇ ಎಥೆನಾಲ್ ವರ್ಷಕ್ಕೆ ಹಂಚಿಕೆ ಮಾಡಿದ ಸುಮಾರು 1,048 ಕೋಟಿ ಲೀಟರಿನಲ್ಲಿ 478 ಕೋಟಿ ಲೀಟರಿನಷ್ಟು ಗೋವಿನಜೋಳದಿಂದಲೇ ಬರಬೇಕಾದದ್ದು. ಕಬ್ಬಿನ ರಸ ಮತ್ತು ಕಾಕಂಬಿಯ ಪಾಲು ಎಲ್ಲ ಸೇರಿ ಶೇಕಡಾ 28ನ್ನು ಮುಟ್ಟುವುದಿಲ್ಲ.

ಇಷ್ಟೊಂದು ಬೇಡಿಕೆಯಿರುವ ಬೆಳೆಗೆ ಒಳ್ಳೆಯ ಬೆಲೆ ಸಿಗಬೇಕಿತ್ತು. ಆದದ್ದು ಅದರ ವಿರುದ್ಧ. 2025ರ ಅಕ್ಟೋಬರ್-ನವೆಂಬರಿನಲ್ಲಿ ಉತ್ತರ ಕರ್ನಾಟಕದ ಕಣಗಳಲ್ಲಿ ರಾಶಿ ಮುಗಿಯುವ ಹೊತ್ತಿಗೆ ಕ್ವಿಂಟಲ್ ಗೋವಿನಜೋಳದ ಪೇಟೆ ಧಾರಣೆ 1,600ರಿಂದ 1,800 ರೂಪಾಯಿಗೆ ಇಳಿದಿತ್ತು. ಕೇಂದ್ರ ಸರಕಾರ ಘೋಷಿಸಿದ್ದ ಬೆಂಬಲ ಬೆಲೆ 2,400 ರೂಪಾಯಿ. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಳಿತರು. ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಪ್ರಧಾನಿಗೆ ಪತ್ರ ಬರೆದು, ರಾಜ್ಯದಲ್ಲಿ 54 ಲಕ್ಷ ಟನ್ನಿಗೂ ಹೆಚ್ಚು ಗೋವಿನಜೋಳ ಬರುವ ಅಂದಾಜಿದೆ, ಅದರಲ್ಲಿ 32 ಲಕ್ಷ ಟನ್ನಿನಷ್ಟು ಹೆಚ್ಚುವರಿಯಾಗಿದೆ ಎಂದು ತಿಳಿಸಿದರು.

ಎಥೆನಾಲ್ ನೀತಿ ರೈತನನ್ನು ‘ಅನ್ನದಾತ’ನಿಂದ ‘ಇಂಧನದಾತ’ನನ್ನಾಗಿ ಮಾಡುತ್ತದೆ ಎಂಬ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಹಾಗಿದ್ದರೆ ಇಂಧನದ ಬೆಲೆ ಸ್ಥಿರವಾಗಿದ್ದಾಗಲೂ ಇಂಧನದಾತನ ಬೆಲೆ ಮಾತ್ರ ಕುಸಿದದ್ದೇಕೆ? ರಾಮದುರ್ಗದಂಥ ತಾಲ್ಲೂಕಿಗೆ ಈ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಕಬ್ಬಿಗೆ ಇರುವ ಕಾನೂನು

ಇದೇ ಬೆಳಗಾವಿ ಜಿಲ್ಲೆಯಲ್ಲಿ, ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ, 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಕಬ್ಬು ಬೆಳೆಗಾರರು ರಸ್ತೆಗಿಳಿದಿದ್ದರು. ಟನ್ನಿಗೆ 3,500 ರೂಪಾಯಿ ಬೇಕೆಂಬ ಅವರ ಬೇಡಿಕೆ ನವೆಂಬರ್ 7ರಂದು 3,300 ರೂಪಾಯಿಗೆ ಇತ್ಯರ್ಥವಾಯಿತು. ಅದು ಸಾಕೇ ಎಂಬುದು ಬೇರೆ ಮಾತು. ಆದರೆ ಆ ಹೋರಾಟಕ್ಕೆ ನಿಲ್ಲಲು ಒಂದು ನೆಲವಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ನಿಗದಿಪಡಿಸಿದ ದರಕ್ಕಿಂತ ಕಡಿಮೆಗೆ ಕಾರ್ಖಾನೆ ಕಬ್ಬು ಕೊಳ್ಳುವಂತಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು. ಕಾರ್ಖಾನೆಗಳು ಇದನ್ನು ಎಷ್ಟು ಪಾಲಿಸುತ್ತವೆ ಎಂಬುದು ನಮ್ಮ ರೈತರಿಗೆ ಗೊತ್ತು. ಆದರೂ ಕೇಳುವುದಕ್ಕೆ ಒಂದು ಕಾನೂನಿದೆ, ದೂರು ಕೊಡಲು ಒಬ್ಬ ಸಕ್ಕರೆ ಆಯುಕ್ತರಿದ್ದಾರೆ.

ಗೋವಿನಜೋಳಕ್ಕೆ ಇವೆರಡೂ ಇಲ್ಲ. ಬೆಂಬಲ ಬೆಲೆ ಎಂಬುದು ಸರಕಾರದ ಘೋಷಣೆಯೇ ಹೊರತು ಖಾಸಗಿ ಖರೀದಿದಾರನನ್ನು ಕಟ್ಟಿಹಾಕುವ ನಿಯಮವಲ್ಲ. ಸರಕಾರವೇ ಖರೀದಿ ಕೇಂದ್ರ ತೆರೆದರೆ ಮಾತ್ರ ಅದಕ್ಕೆ ಜೀವ. ಗೋವಿನಜೋಳವನ್ನು ಪಡಿತರದಲ್ಲಿ ಅಕ್ಕಿ, ಗೋದಿಯಂತೆ ವಿತರಿಸುವುದಿಲ್ಲವಾದ್ದರಿಂದ ಕೇಂದ್ರದ ನಿಯಮಿತ ಖರೀದಿಯೂ ಇಲ್ಲ. ಹೀಗಾಗಿ ಮಲಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆದವನಿಗೆ ಅರ್ಧಂಬರ್ಧವಾದರೂ ಇರುವ ರಕ್ಷಣೆ, ಕಾಲುವೆ ನೀರು ತಲುಪದ ಹೊಲದಲ್ಲಿ ಮಳೆಯನ್ನು ನಂಬಿ ಗೋವಿನಜೋಳ ಬಿತ್ತಿದವನಿಗೆ ಇಲ್ಲ. ಇಬ್ಬರ ಬೆಳೆಯೂ ಸೇರುವುದು ಅದೇ ಪೆಟ್ರೋಲ್ ಟ್ಯಾಂಕಿಗೆ.

ಲೀಟರಿನ ಲೆಕ್ಕ

ಇನ್ನು ಕಾರ್ಖಾನೆಯ ಕಡೆಯ ಲೆಕ್ಕ ನೋಡೋಣ. ಎಥೆನಾಲಿಗೆ ಪೇಟೆ ಧಾರಣೆ ಎಂಬುದಿಲ್ಲ. ಸರಕಾರಿ ತೈಲ ಕಂಪನಿಗಳು ನಿಗದಿತ ದರದಲ್ಲಿ ಅದನ್ನು ಕೊಳ್ಳುತ್ತವೆ. ಗೋವಿನಜೋಳದ ಎಥೆನಾಲಿಗೆ 2024ರ ಜನವರಿಯಲ್ಲಿ ಪ್ರೋತ್ಸಾಹಧನ ಸೇರಿಸಿ ಲೀಟರಿಗೆ 71 ರೂಪಾಯಿ 86 ಪೈಸೆ ಎಂದು ಗೊತ್ತುಪಡಿಸಲಾಯಿತು. ಕಬ್ಬಿನ ರಸದ ಎಥೆನಾಲಿಗೆ ಇರುವ 65 ರೂಪಾಯಿ 61 ಪೈಸೆಗಿಂತಲೂ ಇದು ಹೆಚ್ಚು.

ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಬೆಂಬಲ ಬೆಲೆ ಕೊಟ್ಟು ಕೊಂಡರೆ ಒಂದು ಲೀಟರ್ ಎಥೆನಾಲಿಗೆ ತಗಲುವ ಕಾಳಿನ ಖರ್ಚು 63 ರೂಪಾಯಿ. ಅದೇ ಕಾಳನ್ನು 1,700 ರೂಪಾಯಿಗೆ ಕೊಂಡರೆ ಖರ್ಚು 45 ರೂಪಾಯಿಯೊಳಗೆ. ವ್ಯತ್ಯಾಸ ಲೀಟರಿಗೆ 18 ರೂಪಾಯಿಗೂ ಹೆಚ್ಚು. ಕಾಳಿನ ಬೆಲೆ ಬಿದ್ದರೂ ಎಥೆನಾಲಿನ ದರ ಇಳಿಯುವುದಿಲ್ಲ. ಬಂಕಿನಲ್ಲಿ ಪೆಟ್ರೋಲ್ ದರವೂ ಇಳಿಯುವುದಿಲ್ಲ. ಹಾಗಾದರೆ ಈ 18 ರೂಪಾಯಿ ರೈತನಿಗೂ ಇಲ್ಲ, ಗ್ರಾಹಕನಿಗೂ ಇಲ್ಲ. ಅದು ಹಂಚಿಹೋಗುವುದು ನಡುವಿನ ವ್ಯಾಪಾರಿ ಮತ್ತು ಡಿಸ್ಟಿಲರಿಗಳ ನಡುವೆ. ರೈತನ ಹೆಸರಿನಲ್ಲಿ ಕೊಟ್ಟ ಪ್ರೋತ್ಸಾಹಧನ ರೈತನನ್ನು ತಲುಪಲೇಬೇಕೆಂಬ ಷರತ್ತು ನೀತಿಯಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ.

ಬೆಲೆ ಬಿದ್ದದ್ದು ಏಕೆ?

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮ ಕರ್ನಾಟಕಕ್ಕೆ ಹೊಸದಲ್ಲ. 2003ರ ಜನವರಿಯಲ್ಲಿ ಶೇಕಡಾ 5ರ ಮಿಶ್ರಣ ಆರಂಭವಾದ ಒಂಬತ್ತು ರಾಜ್ಯಗಳಲ್ಲಿ ನಮ್ಮದೂ ಒಂದು. ಅದು ಶೇಕಡಾ 10ನ್ನು ಮುಟ್ಟಿದ್ದು 2022ರ ಜೂನ್‌ನಲ್ಲಿ. ಶೇಕಡಾ 20ರ ಗುರಿಯನ್ನು 2030ರಿಂದ 2025-26ಕ್ಕೆ ಹಿಂದೂಡಿದಾಗ ಕಬ್ಬೊಂದನ್ನೇ ನಂಬಿದರೆ ಸಾಲದು ಎಂಬುದು ಸ್ಪಷ್ಟವಾಯಿತು. 2023ರಲ್ಲಿ ಮಳೆ ಕೈಕೊಟ್ಟಾಗ, ಸಕ್ಕರೆಯ ಕೊರತೆಯ ಭಯದಿಂದ ಡಿಸೆಂಬರ್ 7ರಂದು ಕಬ್ಬಿನ ರಸದ ಎಥೆನಾಲಿಗೆ ಕೇಂದ್ರ ಕಡಿವಾಣ ಹಾಕಿತು. ಮರುತಿಂಗಳೇ ಗೋವಿನಜೋಳಕ್ಕೆ ಪ್ರೋತ್ಸಾಹಧನ ಬಂತು. 2022-23ರಲ್ಲಿ 30 ಕೋಟಿ ಲೀಟರಿನ ಆಸುಪಾಸಿನಲ್ಲಿದ್ದ ಗೋವಿನಜೋಳದ ಎಥೆನಾಲ್ ಮರುವರ್ಷ 286 ಕೋಟಿ ಲೀಟರಿಗೆ ಜಿಗಿಯಿತು.

2024ರಲ್ಲಿ ಗೋವಿನಜೋಳದ ಪೇಟೆ ಧಾರಣೆ ಅಂದಿನ ಬೆಂಬಲ ಬೆಲೆ 2,225 ರೂಪಾಯಿಯನ್ನು ದಾಟಿತ್ತು. ಕೋಳಿ ಸಾಕಣೆಯವರು ಮೇವಿನ ಖರ್ಚು ತಾಳಲಾರೆವೆಂದು ಆಮದಿಗೆ ಒತ್ತಾಯಿಸಿದರು. 2024ರ ಜೂನ್‌ನಲ್ಲಿ 5 ಲಕ್ಷ ಟನ್ ಗೋವಿನಜೋಳವನ್ನು ಕಡಿಮೆ ಸುಂಕದಲ್ಲಿ ತರಿಸಿಕೊಳ್ಳಲು ಕೇಂದ್ರ ಅವಕಾಶ ಕೊಟ್ಟಿತು. ಬೆಲೆ ಕಂಡ ರೈತರು ಹೆಚ್ಚು ಬಿತ್ತಿದರು. ಅಷ್ಟರಲ್ಲಿ ಭಾರತ ಆಹಾರ ನಿಗಮದ ಗೋದಾಮುಗಳಲ್ಲಿ ಅಕ್ಕಿ ತುಂಬಿತ್ತು. 2024-25ರಲ್ಲಿ 52 ಲಕ್ಷ ಟನ್ ಅಕ್ಕಿಯನ್ನು ಎಥೆನಾಲಿಗೆಂದು ಕ್ವಿಂಟಲಿಗೆ 2,250 ರೂಪಾಯಿಯಂತೆ ಕೊಡಲು ಕೇಂದ್ರ ನಿರ್ಧರಿಸಿತು. ಆ ಅಕ್ಕಿಗಾಗಿ ಸರಕಾರ ಮಾಡಿದ್ದ ಖರ್ಚಿಗಿಂತ ಈ ದರ ಬಹಳ ಕಡಿಮೆ. ಒಂದು ಕೈಯಿಂದ ಗೋವಿನಜೋಳ ಬೆಳೆಯಿರೆಂದು ಹುರಿದುಂಬಿಸಿ, ಇನ್ನೊಂದು ಕೈಯಿಂದ ಅದಕ್ಕೆ ಎದುರಾಳಿಯಾಗಿ ಅಗ್ಗದ ಅಕ್ಕಿಯನ್ನು ಪೇಟೆಗೆ ಬಿಟ್ಟಂತಾಯಿತು.

ಮಲಪ್ರಭಾ ಅಚ್ಚುಕಟ್ಟಿನ ಜನ ಇಂಥ ಏರಿಳಿತವನ್ನು ಹಿಂದೆಯೂ ಕಂಡಿದ್ದಾರೆ. ನವಿಲುತೀರ್ಥದ ನೀರು ಬಂದ ಹೊಸತರಲ್ಲಿ ಹತ್ತಿ ಬೆಳೆಯಿರೆಂದು ಹೇಳಲಾಯಿತು. ಬೆಳೆದಾಗ ಬೆಲೆ ಬಿತ್ತು. ಅದರ ಮೇಲೆ ಅಭಿವೃದ್ಧಿ ಕರದ ಭಾರವೂ ಬಿದ್ದಾಗ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಆದದ್ದು ಇತಿಹಾಸ. ಬೆಳೆ ಸೂಚಿಸುವ ಸರಕಾರ ಬೆಲೆಯ ಹೊಣೆಯಿಂದ ಜಾರಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ.

ಕಾರ್ಖಾನೆಗಳ ವಾದ

ಡಿಸ್ಟಿಲರಿಗಳಿಗೂ ಹೇಳಿಕೊಳ್ಳಲು ಮಾತುಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. 71 ರೂಪಾಯಿ 86 ಪೈಸೆಯ ದರ ಗೊತ್ತಾದಾಗ ಬೆಂಬಲ ಬೆಲೆ 2,090 ರೂಪಾಯಿ ಇತ್ತು. ಎರಡೇ ವರ್ಷಗಳಲ್ಲಿ ಅದು 2,400ಕ್ಕೆ ಏರಿದೆ. ಪೂರ್ಣ ಬೆಂಬಲ ಬೆಲೆ ಕೊಟ್ಟರೆ ಉರುವಲು, ಕಿಣ್ವ, ಕೂಲಿ, ಬ್ಯಾಂಕ್ ಬಡ್ಡಿಗೆ ಲೀಟರಿಗೆ 9 ರೂಪಾಯಿಯೂ ಉಳಿಯುವುದಿಲ್ಲ. ಎಥೆನಾಲ್ ತೆಗೆದ ಮೇಲೆ ಉಳಿಯುವ ಪ್ರೋಟೀನ್‌ಭರಿತ ಚರಟವನ್ನು ಪಶು ಆಹಾರಕ್ಕೆ ಮಾರಿ ಅವು ಸರಿದೂಗಿಸಿಕೊಳ್ಳಬೇಕು. ಒಂದು ಟನ್ ಕಾಳಿಗೆ ಸುಮಾರು 300 ಕಿಲೋ ಇಂಥ ಚರಟ ಸಿಗುತ್ತದೆ. ಆದರೆ ಡಿಸ್ಟಿಲರಿಗಳು ಹೆಚ್ಚಿದಂತೆ ಅದರ ಬೆಲೆಯೂ ಇಳಿಯುತ್ತದೆ. 2026ರ ಫೆಬ್ರುವರಿಯ ಭಾರತ-ಅಮೆರಿಕ ಜಂಟಿ ಹೇಳಿಕೆಯಲ್ಲಿ ಸುಂಕ ಇಳಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಈ ಚರಟದ ಹೆಸರೂ ಕಾಣಿಸಿಕೊಂಡಿತು.

ರಾಜ್ಯಕ್ಕೆ ಹಂಚಿಕೆಯಾದ ಎಥೆನಾಲ್ ಪ್ರಮಾಣ ಇಲ್ಲಿನ ಉತ್ಪಾದನಾ ಸಾಮರ್ಥ್ಯಕ್ಕೆ ಹೋಲಿಸಿದರೆ ಕಡಿಮೆ ಎಂಬ ದೂರನ್ನೂ ರಾಜ್ಯ ಸರಕಾರ 2025ರಲ್ಲಿ ಕೇಂದ್ರದ ಮುಂದಿಟ್ಟಿತ್ತು. ಇದು ರಾಜಕೀಯ ಕೆಸರೆರಚಾಟಕ್ಕೆ ತಿರುಗಿತೇ ಹೊರತು ಇತ್ಯರ್ಥವಾಗಲಿಲ್ಲ. ಡಿಸ್ಟಿಲರಿಗಳೂ ಕರ್ನಾಟಕ ಹಾಲು ಮಹಾಮಂಡಳವೂ ಬೆಂಬಲ ಬೆಲೆಗೆ ಕೊಳ್ಳಬೇಕೆಂದು ರಾಜ್ಯ ಸೂಚಿಸಿತಾದರೂ ಪ್ರತಿ ರೈತನಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ ಹಾಕಲಾಯಿತು. ರಾಶಿ ಮಾಡಿದ ಕೂಡಲೇ ಬೀಜ-ಗೊಬ್ಬರದ ಸಾಲ ತೀರಿಸಬೇಕಾದ ಸಣ್ಣ ಹಿಡುವಳಿದಾರ ಸೂಚನೆ ಜಾರಿಯಾಗುವವರೆಗೆ ಕಾಯಲಾರ.

ಹೊಟ್ಟೆಯೋ, ಟ್ಯಾಂಕೋ?

ಹೊರದೇಶಗಳ ಅನುಭವವನ್ನೂ ಗಮನಿಸಬೇಕು. ಅಮೆರಿಕ 2005 ಮತ್ತು 2007ರ ಕಾನೂನುಗಳ ಮೂಲಕ ಎಥೆನಾಲ್ ಮಿಶ್ರಣವನ್ನು ಕಡ್ಡಾಯಗೊಳಿಸಿತು. ಇಂದು ಅಲ್ಲಿನ ಗೋವಿನಜೋಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಧನಕ್ಕೆ ಹೋಗುತ್ತದೆ. 2007ರ ಜನವರಿಯಲ್ಲಿ ಮೆಕ್ಸಿಕೊದ ಜನ ತಮ್ಮ ದಿನನಿತ್ಯದ ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದರು. ನಮ್ಮಲ್ಲಿ ಗೋವಿನಜೋಳ ಮುಖ್ಯ ಆಹಾರವಲ್ಲ. ತಟ್ಟೆಯ ರೊಟ್ಟಿ ಬಿಳಿಜೋಳದ್ದು. ಆದರೆ ಕೋಳಿಯ ಮೇವಿನ ಅರ್ಧಕ್ಕಿಂತ ಹೆಚ್ಚು ಪಾಲು ಗೋವಿನಜೋಳವೇ. ಅದರ ಬೆಲೆ ಏರಿದರೆ ಮೊಟ್ಟೆಯ ಬೆಲೆ ಏರುತ್ತದೆ. ಬಿಳಿಜೋಳ, ಹೆಸರು, ಕಡಲೆ ಬೆಳೆಯುತ್ತಿದ್ದ ಹೊಲ ಗೋವಿನಜೋಳಕ್ಕೆ ತಿರುಗಿದರೆ ರೊಟ್ಟಿ ಮತ್ತು ಬೇಳೆಯೂ ದುಬಾರಿಯಾಗುತ್ತವೆ, ದನಕರುಗಳ ಕಣಿಕೆಯೂ ಕಡಿಮೆಯಾಗುತ್ತದೆ.

ವಾಹನ ಮಾಲೀಕರ ಅಳಲು ಇನ್ನೊಂದು. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಕೊಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ರೈತನಿಗೆ ಲಾಭವಾಗುತ್ತದೆ ಎಂಬುದೇ ನೀತಿಯ ಪರ ಮುಖ್ಯ ಸಮರ್ಥನೆ. ಆ ಸಮರ್ಥನೆ ಟೊಳ್ಳಾದರೆ ಗ್ರಾಹಕನ ತ್ಯಾಗಕ್ಕೂ ಅರ್ಥವಿರುವುದಿಲ್ಲ.

ಹಾಗೆಂದು ಗೋವಿನಜೋಳದ ಎಥೆನಾಲನ್ನು ಬೇಡವೆನ್ನುವುದು ವಿವೇಕವಲ್ಲ. ನೀರಿನ ದೃಷ್ಟಿಯಿಂದ ಅದು ಕಬ್ಬಿಗಿಂತ ಮೇಲು. ಸಕ್ಕರೆಯ ಮೂಲದಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂಬುದು ನೀತಿ ಆಯೋಗದ ಅದೇ ವರದಿಯ ಲೆಕ್ಕ. ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಆಧಾರವಾದ ಮಲಪ್ರಭೆಯ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಮಳೆಗಾಲದ ನಾಲ್ಕು ತಿಂಗಳಲ್ಲಿ ಬೆಳೆದು ಮುಗಿಯುವ ಬೆಳೆಯಿಂದ ಇಂಧನ ತೆಗೆಯುವುದು ಈ ಕಣಿವೆಗೆ ಹಿತವೇ.

ಆಗಬೇಕಾದದ್ದು

ಪರಿಹಾರ ಬಹಳ ಜಟಿಲವಾದದ್ದಲ್ಲ. ಲೀಟರಿನ ದರಕ್ಕೂ ಕ್ವಿಂಟಲಿನ ದರಕ್ಕೂ ಗಂಟು ಹಾಕಬೇಕು. ರೈತನಿಗೆ ಬೆಂಬಲ ಬೆಲೆ ಸಂದಾಯವಾದ ಬಗ್ಗೆ ಎಪಿಎಂಸಿ ರಸೀದಿ ತೋರಿಸಿದ ಡಿಸ್ಟಿಲರಿಗೆ ಪೂರ್ಣ ದರ, ಕಡಿಮೆಗೆ ಕೊಂಡವರಿಗೆ ಅಷ್ಟರಮಟ್ಟಿಗೆ ಕಡಿತ ಎಂಬ ನಿಯಮ ತರಬೇಕು. ಬೆಂಬಲ ಬೆಲೆ ಏರಿದಾಗ ಎಥೆನಾಲ್ ದರವೂ ಏರಲಿ. ಆಗ ಕಾರ್ಖಾನೆಗಳಿಗೂ ದೂರಲು ಕಾರಣವಿರದು. ಕಬ್ಬಿನಂತೆ ಇದಕ್ಕೂ 14 ದಿನಗಳ ಪಾವತಿ ಗಡುವು ಅನ್ವಯಿಸಲಿ. ಒಂದು ರಾಜ್ಯ ಮಾತ್ರ ಬಿಗಿ ಮಾಡಿದರೆ ಡಿಸ್ಟಿಲರಿಗಳು ಬೇರೆ ರಾಜ್ಯದ ಅಗ್ಗದ ಕಾಳು ತರಿಸಿಕೊಳ್ಳುತ್ತವಾದ್ದರಿಂದ ನಿಯಮ ಕೇಂದ್ರದಿಂದಲೇ ಬರಬೇಕು. ಆಹಾರ ಖಾತೆಯನ್ನು 2024ರಲ್ಲಿ ವಹಿಸಿಕೊಂಡ ಪ್ರಲ್ಹಾದ ಜೋಶಿಯವರು ಧಾರವಾಡದ ಸಂಸದರು. ಈ ಕಷ್ಟ ಅವರ ಕ್ಷೇತ್ರದ ಹೊಲಗಳಲ್ಲೂ ಇದೆ.

ರಾಜ್ಯ ಸರಕಾರದ ಹೊಣೆಯೂ ಇದೆ. ಕಾಳಿನ ತೇವಾಂಶ ಶೇಕಡಾ 14ನ್ನು ಮೀರಿದರೆ ಬೆಂಬಲ ಬೆಲೆ ಸಿಗುವುದಿಲ್ಲ. ಹಿಂಗಾರು ಮೋಡ ಕವಿದ ದಿನಗಳಲ್ಲಿ ರಸ್ತೆಯ ಮೇಲೆ ಹರವಿ ಒಣಗಿಸುವ ರೈತ ಆ ಮಟ್ಟ ತಲುಪುವುದು ಕಷ್ಟ. ತಾಲ್ಲೂಕಿಗೊಂದು ಒಣಗಿಸುವ ಯಂತ್ರ, ದಾಸ್ತಾನಿಗೆ ಗೋದಾಮು, ದಾಸ್ತಾನಿನ ಮೇಲೆ ಸಾಲ ಇವಿಷ್ಟಾದರೆ ಸುಗ್ಗಿಯ ಭರದಲ್ಲಿ ಸಿಕ್ಕ ಬೆಲೆಗೆ ಮಾರುವುದು ತಪ್ಪುತ್ತದೆ. ಖರೀದಿ ಕೇಂದ್ರಗಳು ಚಳವಳಿ ನಡೆದ ಮೇಲಲ್ಲ, ರಾಶಿಗೆ ಮೊದಲೇ ತೆರೆಯಬೇಕು.

ಮುಂಗಾರಿನ ಬಿತ್ತನೆಗೆ ಮುನ್ನ ರೈತ ಕೇಳುವುದು ಒಂದೇ ಪ್ರಶ್ನೆ: ಈ ಸಲ ಏನು ಬೆಲೆ ಸಿಕ್ಕೀತು? ಎಥೆನಾಲ್ ತಯಾರಿಸುವವನಿಗೆ ಇದರ ಉತ್ತರ ಪೈಸೆಯವರೆಗೆ ಮೊದಲೇ ಗೊತ್ತಿರುತ್ತದೆ. ಕಾಳು ಬೆಳೆಯುವವನಿಗೂ ಅದು ಗೊತ್ತಾಗುವ ತನಕ ಈ ನೀತಿಯನ್ನು ರೈತಪರ ಎಂದು ಕರೆಯುವುದು ಅವಸರದ ಮಾತಾಗುತ್ತದೆ.