ಪ್ಲಗ್ ಹಾಕುವ ಮುಂಚೆ ಅರ್ಥಿಂಗ್ ನೋಡಿ

ಅಮೆರಿಕದಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಕೊಡುವವರು ಗಾಡಿ ಒಪ್ಪಿಸುವಾಗ ಶೌಚದ ಟ್ಯಾಂಕ್ ಖಾಲಿ ಮಾಡುವುದನ್ನು ನಿಧಾನವಾಗಿ ತೋರಿಸುತ್ತಾರೆ. ಕೈಗವಸನ್ನೂ ಕೊಡುತ್ತಾರೆ. ಕರೆಂಟಿನ ವಿಷಯ ಬಂದಾಗ ಹೆಬ್ಬೆರಳಿಗಿಂತ ದಪ್ಪದ ಕರಿ ಕೇಬಲ್ ತೋರಿಸಿ, ‘ಕ್ಯಾಂಪ್‌ಗ್ರೌಂಡಿಗೆ ಹೋದ ಮೇಲೆ ಇದನ್ನು ಚುಚ್ಚಿಬಿಡಿ’ ಎಂದು ಮುಗಿಸುತ್ತಾರೆ. ನಾನು ಕೆಇಬಿಯಲ್ಲಿ ಜೂನಿಯರ್ ಎಂಜಿನಿಯರ್ ಆಗಿ ಸೇರಿ, ಎಸ್ಕಾಂ ಕಾಲದಲ್ಲಿ ನಿವೃತ್ತನಾದವನು. ಮಗನ ಮನೆಗೆ ಬಂದಾಗಲೆಲ್ಲ ಇಂಥ ಗಾಡಿಯಲ್ಲಿ ಯೂಟಾ, ಅರಿಜೋನಾ ಕಡೆ ಸುತ್ತಿದ್ದೇನೆ. ನೋಡಿದ ಮೇಲೆ ಹೇಳುತ್ತಿದ್ದೇನೆ: ಅಷ್ಟು ಸೂಚನೆ ಕೊಟ್ಟು ಗಾಡಿಯ ಕೀಲಿ ಕೊಡಬಾರದು.

ಊರಿಂದ ಅಪ್ಪ ಅಮ್ಮ ಬಂದರೆ ಮೋಟಾರ್‌ಹೋಮ್ ಹಿಡಿದು ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್ ತೋರಿಸುವ ಕನ್ನಡದ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಒಳಗೇ ಅನ್ನ ಸಾರು ಆಗುತ್ತದೆ, ವಯಸ್ಸಾದವರಿಗೆ ಮಲಗಲು ಮಂಚ ಇರುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ಪ್ರತಿ ಗಾಡಿಯ ಜಾಗಕ್ಕೂ ಸೊಂಟದೆತ್ತರದ ಒಂದು ಕರೆಂಟ್ ಪೆಟ್ಟಿಗೆ. ಅದರಲ್ಲಿ ಸಾಮಾನ್ಯವಾಗಿ 50 ಆಂಪಿನ ನಾಲ್ಕು ತೂತಿನ ಸಾಕೆಟ್, 30 ಆಂಪಿನ ಮೂರು ತೂತಿನದು, ಮನೆಯಲ್ಲಿರುವಂಥ 20 ಆಂಪಿನದೊಂದು. ಬಾಡಿಗೆಗೆ ಸಿಗುವ ಸಣ್ಣ ಗಾಡಿಗಳು ಹೆಚ್ಚಾಗಿ 30 ಆಂಪಿನವು.

ನಮ್ಮವರು ಲೆಕ್ಕ ತಪ್ಪುವುದು ಇಲ್ಲೇ. ನಮ್ಮ ಊರಿನ 230 ವೋಲ್ಟಿನಲ್ಲಿ 1,500 ವ್ಯಾಟಿನ ಕೆಟಲ್ ಆರೂವರೆ ಆಂಪ್ ಎಳೆದರೆ, ಇಲ್ಲಿನ 120 ವೋಲ್ಟಿನಲ್ಲಿ ಅಷ್ಟೇ ವ್ಯಾಟಿನ ಕೆಟಲ್ ಹನ್ನೆರಡೂವರೆ ಆಂಪ್ ಎಳೆಯುತ್ತದೆ. 30 ಆಂಪ್ ಅಂದರೆ ಒಟ್ಟು 3,600 ವ್ಯಾಟ್. ಚಾವಣಿಯ ಎಸಿಗೇ ಹದಿಮೂರು ಹದಿನಾಲ್ಕು ಆಂಪ್ ಬೇಕು. ಅದು ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಜೊತೆಗೆ ರೈಸ್ ಕುಕ್ಕರ್ ಒತ್ತಿದರೆ ಬ್ರೇಕರ್ ಬಿದ್ದೇ ಬೀಳುತ್ತದೆ. ಒಮ್ಮೆ ಬಿದ್ದರೆ ಲೋಡ್ ಇಳಿಸಿ ಎತ್ತಬಹುದು. ಲೋಡ್ ಇಲ್ಲದೆಯೂ ಮತ್ತೆ ಬಿದ್ದರೆ ಕೈ ತೆಗೆಯಬೇಕು. ಅದನ್ನೇ ಮತ್ತೆ ಮತ್ತೆ ಎತ್ತಿ ಹಿಡಿಯುವವರನ್ನು ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಯೂಟಾದ ಮೋಆಬ್ ಬಳಿ ಜುಲೈನ ಒಂದು ಸಂಜೆ, ನಲವತ್ತು ಡಿಗ್ರಿ ಬಿಸಿಲು. ಎಸಿ ಒಂದು ಸಲ ಮುಲುಗಿ ನಿಂತಿತು. ಮಗ, ‘ಕರೆಂಟ್ ಇದೆಯಲ್ಲಪ್ಪ, ಲೈಟ್ ಉರೀತಿದೆ ನೋಡಿ’ ಎಂದ. ಲೈಟ್ ಉರಿಯುತ್ತಿದ್ದದ್ದು ಬ್ಯಾಟರಿಯಿಂದ. ಈ ಗಾಡಿಗಳಲ್ಲಿ ದೀಪ, ನೀರಿನ ಪಂಪ್ ಎಲ್ಲ 12 ವೋಲ್ಟಿನವು. ಹೊರಗಿನ ಕರೆಂಟ್ ಬಂದರೆ ಕನ್ವರ್ಟರ್ ಅದನ್ನು ಇಳಿಸಿ ಬ್ಯಾಟರಿ ತುಂಬುತ್ತದೆ, ಹೋದರೆ ಬ್ಯಾಟರಿಯೇ ನಡೆಸುತ್ತದೆ. ಎಷ್ಟೋ ಗಾಡಿಗಳಲ್ಲಿ ಫ್ರಿಜ್ಜೂ ತಾನಾಗಿಯೇ ಗ್ಯಾಸಿಗೆ ಬದಲಾಗುತ್ತದೆ. ಹಾಗಾಗಿ ಹೊರಗಿನ ಕರೆಂಟ್ ಹೋದದ್ದು ಗೊತ್ತಾಗುವ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ. ಹೊರಗಿನ ಕರೆಂಟ್ ಇದೆಯೋ ಇಲ್ಲವೋ ಎಂದು ನೋಡಲು ಮೈಕ್ರೋವೇವಿನ ಗಡಿಯಾರ ನೋಡಬೇಕು, ಲೈಟನ್ನಲ್ಲ.

ಆವತ್ತು ನಾವು ಕೇಬಲ್ಲಿನ ಮಧ್ಯೆ ಹಾಕಿದ್ದ ರಕ್ಷಕ ಸಾಧನ ಲೈನ್ ಕಡಿದಿತ್ತು. ಬೆಳಿಗ್ಗೆ 118 ತೋರಿಸಿದ್ದ ಮೀಟರ್ ಆಗ 103 ತೋರಿಸುತ್ತಿತ್ತು. ಉದ್ದನೆಯ ಒಂದೇ ಲೈನಿನ ಮೇಲೆ ಸಾಲಾಗಿ ಪೆಟ್ಟಿಗೆಗಳು, ಸಂಜೆಯ ಬಿಸಿಲಿಗೆ ಎಲ್ಲರ ಎಸಿಯೂ ಒಟ್ಟಿಗೆ. ವೋಲ್ಟೇಜ್ ಇಳಿಯದೆ ಇನ್ನೇನು? ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಓಡಿಸಿ ಕಾಯಿಲ್ ಸುಟ್ಟುಕೊಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಸಾಧನ 104ರ ಕೆಳಗೆ ಇಳಿದರೆ ಕಡಿಯುತ್ತದೆ, 132 ದಾಟಿದರೂ ಕಡಿಯುತ್ತದೆ. ವೋಲ್ಟೇಜ್ ಸರಿಯಾದ ಮೇಲೂ ಎರಡು ನಿಮಿಷಕ್ಕೂ ಮಿಕ್ಕಿ ಕಾದು ಕೂಡಿಸುವಂಥವೂ ಇವೆ, ಕಂಪ್ರೆಸರ್ ಉಳಿಯಲೆಂದು. ಅಷ್ಟರಲ್ಲಿ ‘ಕೆಟ್ಟಿದೆ’ ಎಂದು ಅದನ್ನು ಕಿತ್ತು ಹಾಕಿ ನೇರವಾಗಿ ಚುಚ್ಚುವವರಿದ್ದಾರೆ. ಬರೀ ಸಿಡಿಲಿನ ಏಟು ತಡೆಯುವ ಅಗ್ಗದ ಪ್ಲಗ್ಗಿಗೆ ಲೋ ವೋಲ್ಟೇಜ್ ತಿಳಿಯುವುದಿಲ್ಲ. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

50 ಆಂಪಿನ ಗಾಡಿಗೆ ಇನ್ನೊಂದು ಅಪಾಯ ಇದೆ. ಅದಕ್ಕೆ ಎರಡು ಫೇಸಿನಂತೆ ಎರಡು 120ರ ತಂತಿ, ನಡುವೆ ಒಂದು ನ್ಯೂಟ್ರಲ್. ನ್ಯೂಟ್ರಲ್ ಕಡಿದರೆ ಒಂದು ಬದಿ ಸೊರಗಿ ಇನ್ನೊಂದು ಬದಿ 200ರ ಆಚೆಗೂ ಏರಬಹುದು. ಹಳ್ಳಿಯಲ್ಲಿ ನ್ಯೂಟ್ರಲ್ ಹೋಗಿ ಬೀದಿಯ ಟಿವಿಗಳೆಲ್ಲ ಸುಟ್ಟ ದೂರುಗಳನ್ನು ನಾನು ಕಚೇರಿಯಲ್ಲಿ ಕೂತು ಬರೆದುಕೊಂಡಿದ್ದೇನೆ. ಕಾರಣ ಇಲ್ಲೂ ಅದೇ.

ಎಲ್ಲಕ್ಕಿಂತ ನನಗೆ ಭಯ ಅರ್ಥಿಂಗಿನದು. ಅರಿಜೋನಾದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಮಳೆ ನಿಂತ ಮೇಲೆ ನನ್ನಾಕೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿಕೆ ಮುಟ್ಟಿ, ‘ರೀ, ಜುಂ ಅಂತಿದೆ’ ಎಂದಳು. ಜೇಬಿನಲ್ಲಿದ್ದ ಮುಟ್ಟದೆ ತೋರಿಸುವ ಟೆಸ್ಟರನ್ನು ಬಾಗಿಲ ಹತ್ತಿರ ಒಯ್ಯುತ್ತಿದ್ದಂತೆ ಕೆಂಪು ದೀಪ ಹತ್ತಿ ಕಿರುಗುಟ್ಟಿತು. ಮೆಟ್ಟಿಲು, ಬಂಪರ್, ಗಾಡಿಯ ಮೈಯೆಲ್ಲ ಹಾಗೇ. ಪೆಟ್ಟಿಗೆಯ ಬ್ರೇಕರ್ ಇಳಿಸಿ ಪ್ಲಗ್ ಕಿತ್ತೆ. ಸಾಕೆಟ್ಟಿನ ಬಾಯಿ ಸುಟ್ಟು ಕಂದಾಗಿತ್ತು, ಒಳಗಿನ ಹಿಡಿತ ಸಡಿಲವಾಗಿ ಪ್ಲಗ್ ತನ್ನ ಭಾರಕ್ಕೇ ಜೋಲುತ್ತಿತ್ತು, ಅರ್ಥ್ ತೂತಿಗೆ ಸಂಪರ್ಕವೇ ಇರಲಿಲ್ಲ. ಗಾಡಿ ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ. ಅರ್ಥ್ ತಂತಿ ಇಲ್ಲದಿದ್ದರೆ ಒಳಗಿನ ಯಾವುದೇ ಸೋರಿಕೆಗೆ ನೆಲ ಸೇರಲು ಬೇರೆ ದಾರಿ ಇಲ್ಲ. ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರೇ ದಾರಿ. ಒಳಗೆ ಕೂತವರಿಗೆ ಏನೂ ಆಗುವುದಿಲ್ಲ, ಆದ್ದರಿಂದ ಯಾರೂ ನಂಬುವುದೂ ಇಲ್ಲ. ಆ ದೊಡ್ಡ ಸಾಕೆಟ್ಟುಗಳಿಗೆ ಸೋರಿಕೆ ಕಂಡರೆ ಕಡಿಯುವ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಕಚೇರಿಯವರು, ‘ನಿನ್ನೆ ಇದ್ದವರು ಏನೂ ಹೇಳಲಿಲ್ಲವಲ್ಲ’ ಎಂದರು. ಬೇರೆ ಜಾಗ ಕೊಡುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಗಾಡಿ ನಿಲ್ಲಿಸಿದ ಕೂಡಲೇ ಜ್ಯಾಕ್ ಇಳಿಸಬೇಡಿ, ಕುರ್ಚಿ ಹಾಸಬೇಡಿ. ಮೊದಲು ಪೆಟ್ಟಿಗೆಯ ಬ್ರೇಕರ್ ಇಳಿದಿರಲಿ. ಸಾಕೆಟ್ಟಿನ ಬಣ್ಣ ನೋಡಿ. ಪರೀಕ್ಷಕ ಸಾಧನವನ್ನಷ್ಟೇ ಹಾಕಿ ಬ್ರೇಕರ್ ಏರಿಸಿದರೆ ಫೇಸ್ ನ್ಯೂಟ್ರಲ್ ಅದಲು ಬದಲಾಗಿದೆಯೋ, ಅರ್ಥ್ ಇದೆಯೋ, ವೋಲ್ಟೇಜ್ ಎಷ್ಟೋ ಅದೇ ಹೇಳುತ್ತದೆ. ಸರಿ ಇದ್ದರೆ ಬ್ರೇಕರ್ ಇಳಿಸಿ ಗಾಡಿಯ ಕೇಬಲ್ ಕೂಡಿಸಿ, ಮತ್ತೆ ಏರಿಸಿ. ಅರ್ಧ ಗಂಟೆ ಎಸಿ ಓಡಿದ ಮೇಲೆ ಪ್ಲಗ್ಗಿನ ಹತ್ತಿರ ಕೈ ತಂದು ನೋಡಿ. ಬಿಸಿ ಹೊಡೆದರೆ ಸಂಪರ್ಕ ಸಡಿಲ. ಹೊರಡುವಾಗ ಎಸಿ ಆರಿಸಿ, ಬ್ರೇಕರ್ ಇಳಿಸಿ, ಆಮೇಲೆ ಕೀಳಿ. ಪೆಟ್ಟಿಗೆ ಬಿಚ್ಚಲು ಮಾತ್ರ ಹೋಗಬೇಡಿ, ಎಂಜಿನಿಯರ್ ಆಗಿದ್ದರೂ. ಮನೆ ಮುಂದೆ ಗಾಡಿ ನಿಲ್ಲಿಸುವವರಿಗೊಂದು ಮಾತು: 30 ಆಂಪಿನ ಆ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ್ದೆಂದು ತಿಳಿದು 240 ವೋಲ್ಟ್ ಕೊಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅದಕ್ಕೆ ಬೇಕಾದ್ದು 120.

ಕೆಲವು ನೂರು ಡಾಲರಿನ ಈ ರಕ್ಷಕ ಸಾಧನವನ್ನು ಬಾಡಿಗೆ ಗಾಡಿಯ ಜೊತೆಗೇ ಕೊಡುವುದು ಕಡ್ಡಾಯವಾಗಬೇಕು. ಅಮೆರಿಕದ ವಿದ್ಯುತ್ ಸಂಹಿತೆಯ 551ನೇ ವಿಧಿ ಈ ಗಾಡಿಗಳಿಗೂ ಅವು ನಿಲ್ಲುವ ಜಾಗಗಳಿಗೂ ಮೀಸಲು. ಪೆಟ್ಟಿಗೆ ಹಾಕುವಾಗ ನಿಯಮ ಪಾಲಿಸುತ್ತಾರೆ. ದಿನಕ್ಕೊಬ್ಬರು ಚುಚ್ಚಿ ಕಿತ್ತು ಸವೆದ ಮೇಲೆ ನೋಡುವವರು ಬೇಕು. ಪ್ರತಿ ಸೀಸನ್ನಿನ ಮೊದಲು ಅರ್ಥಿಂಗ್ ಅಳೆದು ಪೆಟ್ಟಿಗೆಯ ಮೇಲೆ ದಿನಾಂಕ ಬರೆದರೆ ಅರ್ಧ ಕೆಲಸ ಆಯಿತು.

ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಕೈ ಹಾಕಿತು. ನಮ್ಮಲ್ಲೂ ಇಂಥ ಗಾಡಿಗಳ ಆಸೆ ಬೆಳೆಯುತ್ತಿದೆ. ನಮ್ಮದು 230 ವೋಲ್ಟ್. ಮಲೆನಾಡಿನ ಮಳೆಗಾಲದಲ್ಲಿ ನೆಲ ತಿಂಗಳುಗಟ್ಟಲೆ ಒದ್ದೆ. ಕ್ಯಾರವಾನ್ ತಂಗುದಾಣಕ್ಕೆ ಅನುಮತಿ ಕೊಡುವ ಮುಂಚೆ ಪ್ರತಿ ಪೆಟ್ಟಿಗೆಗೂ ಸೋರಿಕೆ ಕಂಡರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು, ಪ್ರತ್ಯೇಕ ಅರ್ಥ್ ಗುಂಡಿ ತೋಡಿರಲೇಬೇಕು, ವಿದ್ಯುತ್ ಪರಿವೀಕ್ಷಣಾಲಯದವರು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಬಂದು ಅಳೆಯಬೇಕು.