ಜಾಲಕ್ಕೊಬ್ಬ ನೀರುಗಂಟಿ

ಕಳೆದ ತಿಂಗಳು ಮದುವೆ ಮನೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ, ಈ ಅಂಕಣ ಬರೆಯುವವನು ನಾನೇ ಎಂದು ತಿಳಿದ ಪಕ್ಕದ ಎಲೆಯ ಹಿರಿಯರೊಬ್ಬರು ತಮ್ಮ ಮನಸ್ಸಿನ ಭಾರ ಇಳಿಸಿದರು. ‘ನೋಡಿ ಸಾರ್, ಸಾಲ ಮಾಡಿ ಮಗನನ್ನು ಇಂಜಿನಿಯರಿಂಗ್ ಓದಿಸಿದೆ. ಅವನ ಜೊತೆಯವರೆಲ್ಲ ಸಾಫ್ಟ್‌ವೇರ್ ಬರೆಯುತ್ತಾರಂತೆ. ಇವನು ಮಾತ್ರ ಒಂದು ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾನೆ. ಏನು ಮಾಡುತ್ತೀಯಪ್ಪಾ ಎಂದರೆ ವೈರು, ಡಬ್ಬಿ, ಪಾಸ್‌ವರ್ಡ್ ಅನ್ನುತ್ತಾನೆ. ರಾತ್ರಿ ಹನ್ನೆರಡಕ್ಕೆ ಫೋನ್ ಬಂದರೂ ಎದ್ದು ಓಡುತ್ತಾನೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತೇ?’ ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಬೇರೆಡೆಗೆ ಹೊರಳಿತು. ಅಂದು ಕೊಡಲಾಗದ ಉತ್ತರವನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿ ಇದ್ದೀತು.

ಮೊದಲು ಕಣ್ಣಾರೆ ಕಂಡ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನೆಂಟರ ಹುಡುಗಿಯೊಬ್ಬಳನ್ನು ಸೇರಿಸಲು ಒಂದು ಕಾಲೇಜಿಗೆ ಹೋಗಿದ್ದೆ. ಶುಲ್ಕ ಕಟ್ಟಲು ಅಂದೇ ಕೊನೆಯ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಕೌಂಟರಿನ ಹಿಂದಿನಿಂದ ನಮಗೆಲ್ಲ ಪರಿಚಿತವಾದ ಆ ಮಾತು ಬಂತು: ‘ಸರ್ವರ್ ಡೌನ್.’ ಸಾಲಿನಲ್ಲಿ ನಿಂತಿದ್ದ ತಂದೆತಾಯಂದಿರು ಗುಮಾಸ್ತನ ಮೇಲೆ ರೇಗಾಡಿದರು. ದೂರದ ಹಳ್ಳಿಯಿಂದ ಬಂದಿದ್ದ ತಾಯಿಯೊಬ್ಬರು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹಣವನ್ನು ಹಿಡಿದು ‘ಸೀಟು ಹೋಗಿಬಿಡುತ್ತಾ?’ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ ಸರ್ವರ್ ಚೆನ್ನಾಗಿಯೇ ಇತ್ತು. ಜಾಲ ನೋಡಿಕೊಳ್ಳುವ ಹುಡುಗ ಓಡಿ ಬಂದು ಗೋಡೆಯ ಪೆಟ್ಟಿಗೆಯ ಬಾಗಿಲು ತೆರೆದ. ಒಳಗಿದ್ದ ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಹುಚ್ಚೆದ್ದು ಮಿನುಗುತ್ತಿದ್ದವು. ಅವನು ಗಾಬರಿಯಾಗಲಿಲ್ಲ. ಒಂದೊಂದು ವಿಭಾಗಕ್ಕೆ ಹೋಗುವ ಕೇಬಲನ್ನು ಒಂದೊಂದಾಗಿ ಕಿತ್ತು ನೋಡಿದ. ಗ್ರಂಥಾಲಯದ ಕೇಬಲ್ ಕಿತ್ತ ಕೂಡಲೇ ದೀಪಗಳು ಶಾಂತವಾದವು. ಗ್ರಂಥಾಲಯದಲ್ಲಿ ಮೇಜಿನ ಕೆಳಗೆ ಎಂಟು ತೂತಿನ ಒಂದು ಸಣ್ಣ ಸ್ವಿಚ್ಚು. ಹಿಂದಿನ ಸಂಜೆ ಕಸ ಗುಡಿಸಿದವರು ಯಾರೋ, ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿಯನ್ನು ಕಂಡು, ಖಾಲಿ ತೂತಿಗೆ ಸಿಕ್ಕಿಸಿ ಉಪಕಾರ ಮಾಡಿದ್ದರು. ಆ ಕೇಬಲಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು! ಬೆಳಿಗ್ಗೆ ಗ್ರಂಥಾಲಯ ತೆರೆದು ವಿದ್ಯುತ್ ಹಾಕಿದ್ದೇ ತಡ, ತೊಂದರೆ ಶುರು.

ಆದದ್ದು ಇಷ್ಟು. ಜಾಲದಲ್ಲಿರುವ ಕಂಪ್ಯೂಟರುಗಳು ಆಗಾಗ ‘ಇಂಥವರು ಎಲ್ಲಿದ್ದೀರಿ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ಸ್ವಿಚ್ಚು ಆ ಕೂಗನ್ನು ತನ್ನ ಎಲ್ಲ ತೂತುಗಳಿಂದಲೂ ಹೊರಗೆ ಕಳಿಸುತ್ತದೆ. ದಾರಿ ಸುತ್ತಿ ಮತ್ತೆ ಅದೇ ಸ್ವಿಚ್ಚಿಗೆ ಬಂದರೆ, ಹೊಸ ಕೂಗೆಂದು ತಿಳಿದು ಮತ್ತೆ ಕಳಿಸುತ್ತದೆ. ಇಷ್ಟು ಸುತ್ತಿದ ಮೇಲೆ ಸಾಯಬೇಕು ಎಂಬ ಲೆಕ್ಕ ಈ ಹಂತದ ಸಂದೇಶಗಳಿಗಿಲ್ಲ. ಕ್ಷಣಾರ್ಧದಲ್ಲಿ ಒಂದು ಕೂಗು ಲಕ್ಷವಾಗಿ, ಕೆಲಸದ ಮಾತಿಗೆ ಜಾಗವೇ ಇಲ್ಲವಾಗುತ್ತದೆ. ಈ ಸುತ್ತುಗಳನ್ನು ತಾನಾಗಿಯೇ ಗುರುತಿಸಿ ಮುಚ್ಚುವ ವಿಧಾನವನ್ನು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲೇ ರೂಪಿಸಿದರು. ಅದಕ್ಕೆ ‘ಸ್ಪ್ಯಾನಿಂಗ್ ಟ್ರೀ’ ಎಂದು ಹೆಸರು. ಆದರೆ ಆ ಅಗ್ಗದ ಡಬ್ಬಿಯಲ್ಲಿ ಆ ಸೌಲಭ್ಯ ಇರಲಿಲ್ಲ, ದೊಡ್ಡ ಸ್ವಿಚ್ಚಿನಲ್ಲಿ ಅದನ್ನು ಯಾರೋ ಆರಿಸಿಟ್ಟಿದ್ದರು.

ಮುಕ್ಕಾಲು ಗಂಟೆಯಲ್ಲಿ ಕೌಂಟರು ಮತ್ತೆ ನಡೆಯಿತು. ಆ ತಾಯಿ ಹಣ ಕಟ್ಟಿ ರಸೀದಿಯನ್ನು ಕಣ್ಣಿಗೊತ್ತಿಕೊಂಡರು. ಹುಡುಗನಿಗೆ ಯಾರೂ ಏನೂ ಹೇಳಲಿಲ್ಲ. ಅವನು ಒಂದು ಮೂಲೆಯಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ. ಇಣುಕಿ ನೋಡಿದೆ. ದಿನಾಂಕ, ವೇಳೆ, ಕಾರಣ, ಸರಿಪಡಿಸಿದ ಬಗೆ. ಕೊನೆಗೆ ‘ಗ್ರಂಥಾಲಯದ ಸ್ವಿಚ್ ಬದಲಿಸಬೇಕು’ ಎಂದಿತ್ತು. ಈ ಕಸುಬಿನ ಗುಟ್ಟು ನನಗೆ ಹೊಳೆದದ್ದು ಆ ನೋಟ್‌ಬುಕ್ಕಿನಿಂದ.

ನಮ್ಮ ಕೆರೆ ಬಯಲಿನ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ತೂಬು ಯಾವಾಗ ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿತೇ ಇಲ್ಲವೇ ಎಂಬುದೆಲ್ಲ ಅವನ ತಲೆಯಲ್ಲಿರುತ್ತಿತ್ತು. ನೀರು ಸರಿಯಾಗಿ ಹರಿದಷ್ಟು ದಿನ ಅವನ ನೆನಪು ಯಾರಿಗೂ ಇಲ್ಲ. ಒಂದು ದಿನ ನಿಂತರೆ ಊರೆಲ್ಲ ಅವನ ಮನೆ ಬಾಗಿಲಲ್ಲಿ. ಒಂದು ಸಂಸ್ಥೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವವನೂ ಹೀಗೆಯೇ, ಆ ಜಾಲದ ನೀರುಗಂಟಿ.

ಮುನ್ನೂರು ಕಂಪ್ಯೂಟರುಗಳಿರುವ ಒಂದು ಸಂಸ್ಥೆಯನ್ನು ತೆಗೆದುಕೊಳ್ಳಿ. ಪ್ರತಿ ಮಹಡಿಯಲ್ಲೂ ಸ್ವಿಚ್ಚುಗಳು. ತಾಮ್ರದ ಕೇಬಲಾದರೆ ನೂರು ಮೀಟರ್ ದಾಟುವಂತಿಲ್ಲ, ಅದಕ್ಕಿಂತ ದೂರಕ್ಕೆ ಗಾಜಿನ ಎಳೆಯ ಕೇಬಲ್ ಬೇಕು. ಪ್ರತಿ ಕಂಪ್ಯೂಟರಿಗೂ ಮನೆಯ ನಂಬರಿನಂತೆ ಒಂದು ಐಪಿ ವಿಳಾಸ. ಅದನ್ನು ತಾತ್ಕಾಲಿಕವಾಗಿ ಹಂಚಲು ಒಂದು ವ್ಯವಸ್ಥೆ. ಹೆಸರನ್ನು ಕೊಟ್ಟರೆ ವಿಳಾಸವನ್ನು ಹುಡುಕಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆ ಇನ್ನೊಂದು. ಇದು 1983ರಲ್ಲಿ ರೂಪುಗೊಂಡದ್ದು. ಹೊರಗಿನ ಲೋಕಕ್ಕೆ ದಾರಿ ತೋರಲು ರೌಟರ್, ಬಾಗಿಲು ಕಾಯಲು ಫೈರ್‌ವಾಲ್. ಯಾರಿಗೆ ಯಾವ ಕಡತ ತೆರೆಯುವ ಹಕ್ಕಿದೆ, ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ಇನ್ನೂ ಜೀವಂತವಾಗಿದೆಯೇ, ನಿನ್ನೆ ರಾತ್ರಿಯ ಬ್ಯಾಕಪ್ ನಿಜವಾಗಿ ಆಗಿದೆಯೇ ಎಂದೂ ನೋಡಬೇಕು. ಉಪಾಧ್ಯಾಯರೊಬ್ಬರು ಮನೆಯ ವೈಫೈ ಪೆಟ್ಟಿಗೆಯನ್ನು ತಂದು ಗೋಡೆಗೆ ಸಿಕ್ಕಿಸಿದರೂ ಸಾಕು, ಅದು ತನ್ನದೇ ವಿಳಾಸಗಳನ್ನು ಹಂಚಲು ತೊಡಗಿ, ಇಡೀ ಮಹಡಿಯ ಕಂಪ್ಯೂಟರುಗಳು ದಾರಿ ತಪ್ಪುತ್ತವೆ.

ಇದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಅಂದರೆ ಏಮ್ಸ್‌ನ, ಸರ್ವರುಗಳು ಕೈಕೊಟ್ಟವು. ಕಿಡಿಗೇಡಿಗಳು ಜಾಲದೊಳಗೆ ನುಗ್ಗಿ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿಬಿಟ್ಟಿದ್ದರು. ರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಬಿಲ್ಲು ಎಲ್ಲವೂ ಕೈಬರಹಕ್ಕೆ ಮರಳಿತು. ದೇಶದ ಮೂಲೆಮೂಲೆಯಿಂದ ಬಂದ ರೋಗಿಗಳು ದಿನಗಟ್ಟಲೆ ಪರದಾಡಿದರು. ಐದು ಸರ್ವರುಗಳು ತುತ್ತಾಗಿ, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಬಿದ್ದಂತಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಕೊಟ್ಟ ಕಾರಣವನ್ನು ವಿದ್ಯಾರ್ಥಿಗಳು ಗಮನಿಸಬೇಕು: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ.

ವಿಭಾಗಿಸುವುದೆಂದರೆ ಗದ್ದೆಗೆ ಬದು ಹಾಕಿದಂತೆ. ಲೆಕ್ಕಪತ್ರದವರ ಕಂಪ್ಯೂಟರುಗಳು ಒಂದು ತಾಕು, ಪ್ರಯೋಗಾಲಯ ಇನ್ನೊಂದು, ಬಂದುಹೋಗುವವರ ವೈಫೈ ಬೇರೆಯೇ. ಕೇಬಲು ಒಂದೇ ಆದರೂ ಸ್ವಿಚ್ಚಿನಲ್ಲಿಯೇ ಇಂಥ ಬದು ಹಾಕಬಹುದು. ಇದನ್ನು ‘ವಿಲ್ಯಾನ್’ ಎನ್ನುತ್ತಾರೆ. ಒಂದು ತಾಕಿನಿಂದ ಇನ್ನೊಂದಕ್ಕೆ ಏನು ಹೋಗಬಹುದು ಎಂಬುದನ್ನು ಫೈರ್‌ವಾಲ್ ನಿರ್ಧರಿಸುತ್ತದೆ. ಹೀಗೆ ಮಾಡಿದಲ್ಲಿ ಒಂದು ಗದ್ದೆಗೆ ಬಂದ ರೋಗ ಇಡೀ ಬಯಲಿಗೆ ಸುಲಭವಾಗಿ ಹರಡದು.

ಅದೇ ಘಟನೆಯಲ್ಲಿ ಸಮಾಧಾನದ ಅಂಶವೂ ಒಂದಿದೆ. ದಾಳಿಗೆ ಸಿಕ್ಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಇ-ಹಾಸ್ಪಿಟಲ್ ಮಾಹಿತಿಯನ್ನೆಲ್ಲ ಮರಳಿ ಪಡೆಯಲಾಯಿತು. ಬಿತ್ತನೆಯ ಬೀಜವನ್ನು ಯಾವ ರೈತನೂ ಉಣ್ಣುವ ಕಾಳಿನ ಜೊತೆ ಬೆರೆಸಿಡುವುದಿಲ್ಲ. ಈ ಕಸುಬಿನವರೂ ಅದನ್ನೇ ಸೂತ್ರ ಮಾಡಿಕೊಂಡಿದ್ದಾರೆ: ಮಾಹಿತಿಯ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಆಗಾಗ ಆ ಪ್ರತಿಯನ್ನು ತೆರೆದೂ ನೋಡುತ್ತಿರಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಕುಳಿತವರು ಆಪತ್ತಿನ ದಿನ ತಲೆಯ ಮೇಲೆ ಕೈ ಹೊತ್ತಿದ್ದಾರೆ.

ಹೊರಗಿನ ಕಳ್ಳನೇ ಬರಬೇಕೆಂದಿಲ್ಲ, ನಮ್ಮ ಕೈಯೇ ಸಾಕು. 2021ರ ಅಕ್ಟೋಬರ್ 4ರಂದು, ನಮ್ಮಲ್ಲಿ ರಾತ್ರಿ ಒಂಬತ್ತು ಗಂಟೆ ದಾಟಿದ ಹೊತ್ತಿಗೆ, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ನಿಂತುಹೋದದ್ದು ನಿಮಗೆ ನೆನಪಿರಬಹುದು. ಮಾಮೂಲು ನಿರ್ವಹಣೆಯ ವೇಳೆ, ತಮ್ಮ ಮುಖ್ಯ ಜಾಲದ ಸಾಮರ್ಥ್ಯವನ್ನು ಅಳೆಯಲೆಂದು ಕೊಟ್ಟ ಒಂದು ಆದೇಶ, ಆ ಜಾಲದ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತ್ತು. ಇಂಥ ತಪ್ಪು ಆದೇಶವನ್ನು ತಡೆಯಬೇಕಿದ್ದ ತಪಾಸಣೆಯ ಸಾಫ್ಟ್‌ವೇರಿನಲ್ಲೇ ದೋಷವಿತ್ತು. ಜಾಲವಿಲ್ಲದೆ ಇಂಜಿನಿಯರುಗಳ ಸ್ವಂತ ಉಪಕರಣಗಳೂ ಕೆಲಸ ಮಾಡಲಿಲ್ಲ. ಸರ್ವರುಗಳಿರುವ ಕಟ್ಟಡಗಳಿಗೆ ಜನರನ್ನೇ ಕಳಿಸಬೇಕಾಯಿತು. ಅಲ್ಲಿ ಕಾವಲು ಎಷ್ಟು ಬಿಗಿಯೆಂದರೆ ಒಳಹೊಕ್ಕು ಕೆಲಸ ಶುರು ಮಾಡಲು ಹೊತ್ತು ಹಿಡಿಯಿತು. ಎಲ್ಲ ಮರಳುವಷ್ಟರಲ್ಲಿ ಸುಮಾರು ಆರು ಗಂಟೆ ಕಳೆದಿತ್ತು.

ಅಷ್ಟು ದೊಡ್ಡವರಿಗೂ ಹೀಗಾಯಿತೆಂದು ನಗುವ ಬದಲು ಪಾಠ ಕಲಿಯೋಣ. ಜಾಲದಲ್ಲಿ ಯಾವುದೇ ಬದಲಾವಣೆ ಮಾಡುವ ಮುನ್ನ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಬೇಕು. ಏನು ಮಾಡುತ್ತಿದ್ದೇನೆ? ಕೆಟ್ಟರೆ ಯಾರಿಗೆ ತೊಂದರೆ? ಕೆಟ್ಟರೆ ಹಿಂದಿನ ಸ್ಥಿತಿಗೆ ತರುವುದು ಹೇಗೆ? ಆಸ್ಪತ್ರೆ, ಬ್ಯಾಂಕುಗಳಲ್ಲಿ ಇಂಥ ಕೆಲಸಕ್ಕೆ ಮಧ್ಯರಾತ್ರಿಯನ್ನು ಆರಿಸುವುದೂ ಇದೇ ಕಾರಣಕ್ಕೆ. ಮಗ ರಾತ್ರಿ ಎದ್ದು ಹೋಗುತ್ತಾನೆಂದು ಕೊರಗುವ ತಂದೆತಾಯಂದಿರು ಇದನ್ನು ನೆನಪಿಡಲಿ.

ಇನ್ನು ಈ ದಾರಿ ಹಿಡಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಎರಡು ಮಾತು. ಡಿಪ್ಲೊಮಾ, ಬಿಸಿಎ, ಬಿಇ ಯಾವುದರಿಂದಲೂ ಇಲ್ಲಿಗೆ ಬರಬಹುದು. ಸರ್ಟಿಫಿಕೇಟ್ ಕೋರ್ಸುಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಬುಡ ಗಟ್ಟಿ ಮಾಡಿಕೊಳ್ಳಿ. ಐಪಿ ವಿಳಾಸವನ್ನು ಎರಡಂಕಿಯ ಲೆಕ್ಕದಲ್ಲಿ ಬಿಡಿಸಲು ಕಲಿಯಿರಿ. ಶಾಲೆಯಲ್ಲಿ ಬೇಸರ ತರಿಸಿದ ಆ ಸೊನ್ನೆ-ಒಂದುಗಳು ಇಲ್ಲಿ ದಿನನಿತ್ಯದ ಊಟ. ಹಳೆಯ ಕಂಪ್ಯೂಟರೊಂದಕ್ಕೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಒಂದು ಪುಟ್ಟ ಸರ್ವರ್ ಮಾಡಿ, ಕೆಡಿಸಿ, ಮತ್ತೆ ಕಟ್ಟಿ. ‘ಅಲ್ಲಿರುವೆಯಾ?’ ಎಂದು ಇನ್ನೊಂದು ಕಂಪ್ಯೂಟರನ್ನು ಕೇಳುವ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮನ್ನು ಮೈಕ್ ಮೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ. ಇಂದಿಗೂ ತೊಂದರೆ ಹುಡುಕುವವರು ಮೊದಲು ಕೈ ಹಾಕುವುದು ಅದಕ್ಕೇ. ಜಾಲದಲ್ಲಿ ಹರಿಯುವ ಸಂದೇಶಗಳನ್ನು ಬಿಡಿಸಿ ತೋರಿಸುವ ‘ವೈರ್‌ಶಾರ್ಕ್’ ಕೂಡ ಉಚಿತ. ಆದರೆ ಎಚ್ಚರ! ಇಂಥ ಪ್ರಯೋಗಗಳು ನಿಮ್ಮ ಮನೆಯ ಜಾಲದಲ್ಲಿ ಮಾತ್ರ. ಅನುಮತಿಯಿಲ್ಲದೆ ದುರುದ್ದೇಶದಿಂದ ಪರರ ಜಾಲಕ್ಕೆ ಕೈಹಾಕಿದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ವಿಧಿಯ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ಬೀಳಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ಬರೆದಿಡುವ ಅಭ್ಯಾಸ ಬೆಳೆಸಿಕೊಳ್ಳಿ. ಯಾವ ಕೇಬಲು ಎಲ್ಲಿಂದ ಎಲ್ಲಿಗೆ, ಯಾವ ಪೆಟ್ಟಿಗೆಗೆ ಯಾವ ವಿಳಾಸ, ಯಾವಾಗ ಏನು ಬದಲಾಯಿತು ಎಂಬುದೆಲ್ಲ ನಿಮ್ಮ ನಂತರ ಬರುವವನಿಗೂ ತಿಳಿಯುವಂತಿರಬೇಕು. ಕಾನೂನೂ ಇದನ್ನೇ ಹೇಳುತ್ತದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ತಮ್ಮ ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ದಾಳಿಯಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು.

‘ಈಗ ಎಲ್ಲವೂ ಕ್ಲೌಡಿಗೆ ಹೋಗುತ್ತಿದೆ, ಈ ಕೆಲಸ ಉಳಿದೀತೇ?’ ಎಂದು ಕೇಳುವಿರಿ. ಕೆಲಸದ ರೂಪ ಬದಲಾಗುತ್ತಿದೆ, ನಿಜ. ಒಂದೊಂದೇ ಪೆಟ್ಟಿಗೆಯ ಮುಂದೆ ಕುಳಿತು ಆದೇಶ ಕೊಡುತ್ತಿದ್ದ ಕಡೆ ಇಂದು ಒಂದು ಪ್ರೋಗ್ರಾಮು ನೂರು ಪೆಟ್ಟಿಗೆಗೆ ಆದೇಶ ಕೊಡುತ್ತದೆ. ಹಾಗಾಗಿ ಪೈಥಾನಿನಂಥ ಒಂದು ಭಾಷೆಯನ್ನೂ ಕಲಿಯುವುದು ಒಳ್ಳೆಯದು. ಕೆರೆ ಹೋಗಿ ಅಣೆಕಟ್ಟು ಬಂದರೂ ಕಾಲುವೆ ಕಾಯುವವರು ಬೇಕೇ ಬೇಕು. ಮೇಲಾಗಿ ಒಂದು ತಪ್ಪು ಆದೇಶ ಒಮ್ಮೆಗೇ ನೂರು ಪೆಟ್ಟಿಗೆ ಕೆಡಿಸುವ ಕಾಲದಲ್ಲಿ, ಯೋಚಿಸಿ ಕೈ ಹಾಕುವವರ ಅಗತ್ಯ ಹೆಚ್ಚೇ ಆಗಿದೆ.

ಕೊನೆಯದಾಗಿ, ಮದುವೆ ಮನೆಯ ಆ ಹಿರಿಯರಿಗೆ. ಸ್ವಾಮಿ, ನಿಮ್ಮ ಮಗ ಇರುವುದು ಆಸ್ಪತ್ರೆಯಲ್ಲಿ. ಅಲ್ಲಿ ವೈದ್ಯರ ಮೇಜಿಗೆ ರಕ್ತಪರೀಕ್ಷೆಯ ವರದಿ ಹೊತ್ತಿಗೆ ಸರಿಯಾಗಿ ಬರುವುದು ಅವನ ವೈರು, ಡಬ್ಬಿಗಳ ಮೂಲಕವೇ. ಅವನು ಓದಿದ್ದು ವ್ಯರ್ಥವಾಗಿಲ್ಲ. ಮುಂದಿನ ಬಾರಿ ಊರಿಗೆ ಬಂದಾಗ ಸಂಬಳದ ವಿಷಯ ಆಮೇಲಿರಲಿ, ‘ನಿಮ್ಮಲ್ಲಿ ಬದು ಸರಿಯಾಗಿದೆಯೇನಪ್ಪಾ? ಬೀಜ ಬೇರೆ ಇಟ್ಟಿದ್ದೀಯಾ?’ ಎಂದು ಕೇಳಿ ನೋಡಿ. ಮೊದಲು ಕಣ್ಣು ಕಣ್ಣು ಬಿಟ್ಟಾನು. ಆಮೇಲೆ ರಾತ್ರಿಯ ಊಟದವರೆಗೂ ಮಾತಾಡಿಯಾನು.