ಕೈಕೆಲಸ ಕಲಿಸುವವರೇ ಹವಾಮಾನದ ಮೇಷ್ಟ್ರು

ಹವಾಮಾನ ಬದಲಾವಣೆಯ ಬಗ್ಗೆ ನಮಗೆ ಪಾಠವೇ ಆಗಿಲ್ಲ ಎಂದು ನನ್ನ ವಯಸ್ಸಿನವರು ಯಾರೂ ದೂರುವಂತಿಲ್ಲ. ಪ್ರೈಮರಿಯಲ್ಲಿ ‘ಕಾಡು ಬೆಳೆಸಿ ನಾಡು ಉಳಿಸಿ’ ಎಂದು ಡ್ರಾಯಿಂಗ್ ಶೀಟ್ ತುಂಬಿಸಿದ್ದೇವೆ. ಹೈಸ್ಕೂಲಿನಲ್ಲಿ ಹಸಿರುಮನೆ ಪರಿಣಾಮದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೇವೆ. ಪದವಿಗೆ ಬಂದರೆ ಅಲ್ಲೂ ಪರಿಸರ ಅಧ್ಯಯನ ಇದೆ. ಎಂ.ಸಿ. ಮೆಹ್ತಾ ಅವರ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತ್ತು. ಆಮೇಲೆ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯವನ್ನೇ ಸಿದ್ಧಪಡಿಸಿತು. ನಮ್ಮ ಕಾಲೇಜಿನಲ್ಲಿ ಅದು ಬಹು ಆಯ್ಕೆ ಪ್ರಶ್ನೆಗಳ ಪತ್ರಿಕೆ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿಗೆ ಕ್ವೆಶ್ಚನ್ ಬ್ಯಾಂಕ್ ಬರುತ್ತದೆ. ಬೆಳಿಗ್ಗೆ ಬರೆಯುತ್ತೇವೆ, ಮಧ್ಯಾಹ್ನ ಮರೆಯುತ್ತೇವೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕತೆಯೂ ಬೇರೆಯಲ್ಲ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್‌ಗೆ ಹೋಗುವ ಗೆಳೆಯರನ್ನು ಕೇಳಿ ನೋಡಿ. ಕ್ಯೋಟೊ ಶಿಷ್ಟಾಚಾರ 1997, ಪ್ಯಾರಿಸ್ ಒಪ್ಪಂದ 2015, ಭಾರತದ ನೆಟ್ ಝೀರೊ ಗುರಿ 2070 ಎಂದು ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಾರೆ. ತಾವಿರುವ ಪಿ.ಜಿ.ಯ ಸಂಪು ಫೆಬ್ರುವರಿಯಲ್ಲೇ ಯಾಕೆ ಖಾಲಿಯಾಯಿತು ಎಂದು ಕೇಳಿದರೆ ಮಾತ್ರ ಟ್ಯಾಂಕರ್‌ನವನಿಗೆ ಬೈಯುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಅದು ಅವರ ನೋಟ್ಸ್‌ನಲ್ಲಿ ಇರುವುದು ಒಂದು ಅಂಕದ ಪ್ರಶ್ನೆಯಾಗಿ.

1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಆರನೇ ವಿಧಿಯ ಶೀರ್ಷಿಕೆಯಲ್ಲಿ ಮೂರು ವಿಷಯಗಳಿವೆ: ಶಿಕ್ಷಣ, ತರಬೇತಿ, ಸಾರ್ವಜನಿಕ ಅರಿವು. ಶಿಕ್ಷಣವನ್ನು ನಾವು ಸಿಲಬಸ್‌ಗೆ ಸೇರಿಸಿದೆವು. ಅರಿವಿಗೆ ಜೂನ್ 5ರಂದು ಜಾಥಾ ಮಾಡಿ, ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ನಡುವಿನ ತರಬೇತಿಯ ಕಡೆಗೆ ಯಾರ ಗಮನವೂ ಅಷ್ಟಾಗಿ ಹೋಗಿಲ್ಲ. ನನಗೆ ಅನ್ನಿಸುವಂತೆ ಹೆಚ್ಚು ಕೆಲಸ ಆಗಬೇಕಿರುವುದು ಅಲ್ಲೇ. ಯಾಕೆಂದರೆ ಮನುಷ್ಯ ಕೈಯಿಂದ ಮಾಡುವ ಕೆಲಸವನ್ನು ಪುಸ್ತಕ ನೋಡಿ ಮಾಡುವುದಿಲ್ಲ, ಕಲಿಸಿದವರು ಹೇಗೆ ಮಾಡಿ ತೋರಿಸಿದರೋ ಹಾಗೆ ಮಾಡುತ್ತಾನೆ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿಯಾದ್ದರಿಂದ ಎಸಿಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಎಸಿ ಮೆಕ್ಯಾನಿಕ್. ಐಟಿಐ ಮಾಡಿದ್ದು ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ. ಎಸಿ ಕೆಲಸ ಕಲಿತಿದ್ದು ಒಬ್ಬ ಮೇಸ್ತ್ರಿಯ ಹಿಂದೆ ಎರಡು ವರ್ಷ ಟೂಲ್ ಬ್ಯಾಗ್ ಹೊತ್ತು. ಕಳೆದ ಬೇಸಿಗೆ ರಜೆಯಲ್ಲಿ ಒಂದು ವಾರ ಅವನ ಜೊತೆ ಸುತ್ತಿದೆ. ಏಪ್ರಿಲ್–ಮೇ ಅಂದರೆ ಅವರಿಗೆ ಸುಗ್ಗಿ. ಬಾಡಿಗೆ ಮನೆ ಬದಲಿಸುವವರ ಎಸಿ ಬಿಚ್ಚಿ ಇನ್ನೊಂದು ಮನೆಯಲ್ಲಿ ಕೂರಿಸುವ ಕೆಲಸ ದಿನಕ್ಕೆ ಎರಡಾದರೂ ಇರುತ್ತಿತ್ತು. ಬಿಚ್ಚುವಾಗ ಅವನು ಔಟ್‌ಡೋರ್ ಯೂನಿಟ್‌ನ ನಟ್ ಸಡಿಲಿಸುತ್ತಿದ್ದ. ಬುಸ್ ಎಂದು ಗ್ಯಾಸ್ ಹೊರಗೆ ಹೋಗುತ್ತಿತ್ತು. ಅರ್ಧ ನಿಮಿಷವೂ ಬೇಕಿರಲಿಲ್ಲ. ‘ಅಣ್ಣಾ, ಇದನ್ನ ಹಂಗೇ ಬಿಡಬಾರದು’ ಎಂದೆ. ‘ಲೋ, ಇದೇನು ಹಾಲೇನೋ, ಚೆಲ್ಲಿದ್ರೆ ಬೇಜಾರು ಮಾಡ್ಕೊಳ್ಳೋಕೆ? ಗಾಳಿ ಕಣೋ’ ಅಂದ.

ಆ ‘ಗಾಳಿ’ಯ ಲೆಕ್ಕ ಇಲ್ಲಿದೆ. ಹಳೆಯ ಎಸಿಗಳಲ್ಲಿ ಇರುವುದು ಆರ್-22. ಒಂದು ಕೆ.ಜಿ. ಆರ್-22 ವಾತಾವರಣಕ್ಕೆ ಸೇರಿದರೆ, ನೂರು ವರ್ಷಗಳ ಅವಧಿಯಲ್ಲಿ ಅದು ಭೂಮಿಯನ್ನು ಬಿಸಿ ಮಾಡುವುದು ಸುಮಾರು 1,810 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಓಝೋನ್ ಪದರಕ್ಕೂ ಪೆಟ್ಟು. ಓಝೋನ್‌ಗೆ ಹಾನಿ ಮಾಡದ ಆರ್-410ಎ ಬಂತು. ಆದರೆ ಬಿಸಿ ಮಾಡುವುದರಲ್ಲಿ ಅದು ಇನ್ನೂ ಮುಂದು, 2,088 ಪಟ್ಟು. ಈಗಿನ ಬಹುಪಾಲು ಹೊಸ ಎಸಿಗಳಲ್ಲಿರುವ ಆರ್-32 ಸುಮಾರು 675 ಪಟ್ಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬರುವುದು ಅಂದಾಜು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಓಡುವ ಬೈಕ್ ಎಂದಿಟ್ಟುಕೊಂಡರೆ, ಒಂದು ಕೆ.ಜಿ. ಆರ್-22 ಹೊರಗೆ ಬಿಡುವುದು ಆ ಬೈಕನ್ನು ಮೂವತ್ತೈದು ಸಾವಿರ ಕಿ.ಮೀ. ಓಡಿಸಿದಂತೆ. ಮನೆಯ ಸ್ಪ್ಲಿಟ್ ಎಸಿಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಗ್ಯಾಸ್ ಇರುತ್ತದೆ. ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಒಬ್ಬ ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ ಉಳಿಸಿದ್ದು ಒಂದು ನಟ್ ಸಡಿಲಿಸಿದ ಅರ್ಧ ನಿಮಿಷದಲ್ಲಿ ಹೋಗಬಹುದು.

ಇದನ್ನು ತಪ್ಪಿಸಲು ದೊಡ್ಡ ತಂತ್ರಜ್ಞಾನವೇನೂ ಬೇಡ. ಕಂಪ್ರೆಸರ್ ಸರಿಯಿದ್ದರೆ ಒಂದು ಗೇಜ್, ಒಂದು ಅಲೆನ್ ಕೀ ಸಾಕು. ಔಟ್‌ಡೋರ್ ಯೂನಿಟ್‌ನಿಂದ ಒಳಗೆ ಹೋಗುವ ಸಣ್ಣ ಪೈಪಿನ ವಾಲ್ವ್ ಮುಚ್ಚಿ ಎಸಿಯನ್ನು ಸ್ವಲ್ಪ ಹೊತ್ತು ಓಡಿಸಿದರೆ ಗ್ಯಾಸೆಲ್ಲ ಹೊರಗಿನ ಯೂನಿಟ್‌ಗೆ ಬಂದು ಸೇರುತ್ತದೆ. ಗೇಜ್ ಸೊನ್ನೆಯ ಹತ್ತಿರ ಬರುತ್ತಿದ್ದಂತೆ ದಪ್ಪ ಪೈಪಿನ ವಾಲ್ವನ್ನೂ ಮುಚ್ಚಿ ಎಸಿ ಆಫ್ ಮಾಡಿದರೆ ಆಯಿತು. ಇದಕ್ಕೆ ಪಂಪ್ ಡೌನ್ ಅನ್ನುತ್ತಾರೆ. ಹೊಸ ಮನೆಯಲ್ಲಿ ಪೈಪ್ ಜೋಡಿಸಿ, ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ ತೆಗೆದು, ವಾಲ್ವ್ ತೆರೆದರೆ ಅದೇ ಗ್ಯಾಸ್ ಮತ್ತೆ ಕೆಲಸಕ್ಕೆ ಬರುತ್ತದೆ. ಕಂಪ್ರೆಸರ್ ಕೆಟ್ಟಿದ್ದರೆ ಮಾತ್ರ ರಿಕವರಿ ಮಷಿನ್, ಸಿಲಿಂಡರ್ ಬೇಕು. ಐಟಿಐನ ರೆಫ್ರಿಜರೇಷನ್ ಟ್ರೇಡ್ ಪಠ್ಯದಲ್ಲಿ ಇದೆಲ್ಲ ಇದೆ. ನಮ್ಮಣ್ಣನ ಮೇಸ್ತ್ರಿಯ ಪಠ್ಯದಲ್ಲಿ ಇರಲಿಲ್ಲ, ಅಷ್ಟೇ.

ಬೈಕಿನ ಲೆಕ್ಕ ಹೇಳಿದಾಗ ಅಣ್ಣ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಅವನು ಹೇಳಿದ ಮಾತು ಮಾತ್ರ ನಮ್ಮ ಯಾವ ಸೆಮಿನಾರಿನಲ್ಲೂ ನನಗೆ ಸಿಕ್ಕಿರಲಿಲ್ಲ. ‘ಗ್ಯಾಸ್ ಚಾರ್ಜ್‌ನಲ್ಲೇ ಕಣೋ ನಾಲ್ಕು ಕಾಸು ಉಳಿಯೋದು. ಹಳೇ ಗ್ಯಾಸೇ ಕೂರಿಸಿಕೊಟ್ರೆ ಬಿಲ್ ಏನು ಬರೆಯೋದು?’ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ‘ಟಾಪ್ ಅಪ್’ ಮಾಡಿಸಿಕೊಳ್ಳುವ ಮನೆಗಳಿವೆ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಎಂದರ್ಥ. ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಜಾಗ ಹುಡುಕಿ ಮುಚ್ಚದೆ ಮತ್ತೆ ತುಂಬಿಸಿದರೆ ಆಕಾಶಕ್ಕೆ ತುಂಬಿಸಿದ ಹಾಗೆ. ಇದು ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ, ಗಿರಾಕಿಗೆ ಗೊತ್ತಿರುವುದಿಲ್ಲ. ಹಾಗಾಗಿ ತರಬೇತುದಾರ ಪಂಪ್ ಡೌನ್ ಕಲಿಸಿದರೆ ಸಾಲದು, ಅದಕ್ಕೆ ಕೂಲಿ ಕೇಳುವುದನ್ನೂ ಕಲಿಸಬೇಕು. ‘ಗ್ಯಾಸ್ ಉಳಿಸಿಕೊಟ್ಟಿದ್ದಕ್ಕೆ ಇಷ್ಟು’ ಎಂದು ಬಿಲ್ಲಿನಲ್ಲಿ ಒಂದು ಸಾಲು ಬರೆದರೆ, ಹೊಸ ಗ್ಯಾಸಿನ ದುಡ್ಡಿಗಿಂತ ಅದು ಕಡಿಮೆಯೇ ಇದ್ದೀತು. ಗಿರಾಕಿಯೂ ತಕರಾರು ಮಾಡುವುದಿಲ್ಲ.

ಸರ್ಕಾರಕ್ಕೆ ಇದು ಹೊಳೆದಿಲ್ಲ ಅನ್ನುವಂತಿಲ್ಲ. 2019ರಲ್ಲಿ ಬಂದ ಭಾರತದ ಕೂಲಿಂಗ್ ಆ್ಯಕ್ಷನ್ ಪ್ಲ್ಯಾನ್‌ನಲ್ಲಿ ಒಂದು ಲಕ್ಷ ಸರ್ವಿಸ್ ಮೆಕ್ಯಾನಿಕ್‌ಗಳಿಗೆ 2022–23ರೊಳಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇತ್ತು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ 2047ರ ಹೊತ್ತಿಗೆ ಇಂಥ ಎಚ್‌ಎಫ್‌ಸಿ ಅನಿಲಗಳ ಬಳಕೆಯನ್ನು ಶೇ 85ರಷ್ಟು ಇಳಿಸಬೇಕು. ಆದರೆ ದೇಶದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಎಸಿ ಮಾರಾಟವಾಗುತ್ತಿರುವಾಗ, ಅವುಗಳನ್ನು ಬಿಚ್ಚಿ ಜೋಡಿಸುವವರಲ್ಲಿ ಎಷ್ಟೋ ಮಂದಿ ನಮ್ಮಣ್ಣನ ಹಾಗೆ ಮೇಸ್ತ್ರಿಯ ಶಿಷ್ಯರು.

ಇನ್ನೊಂದು ಅಪಾಯವೂ ಇದೆ. ಪರಿಸರಕ್ಕೆ ಒಳ್ಳೆಯದಾದ ಗ್ಯಾಸ್ ಮೆಕ್ಯಾನಿಕ್‌ಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಆರ್-22ಕ್ಕೆ ಬೆಂಕಿ ಸುಲಭವಾಗಿ ಹತ್ತುತ್ತಿರಲಿಲ್ಲ. ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಹತ್ತುತ್ತದೆ. ಪ್ರೊಪೇನ್ ತುಂಬಿದ ಎಸಿಗಳೂ ನಮ್ಮ ಮಾರುಕಟ್ಟೆಯಲ್ಲಿವೆ. ಭೂಮಿಗೆ ಅದರಿಂದ ಬಹಳ ಕಡಿಮೆ ಹಾನಿ, ಆದರೆ ಅದು ಅಡುಗೆ ಗ್ಯಾಸಿನ ಜಾತಿ. ಹಳೆಯ ಅಭ್ಯಾಸದಲ್ಲಿ ಮುಚ್ಚಿದ ರೂಮಿನೊಳಗೆ ಗ್ಯಾಸ್ ಬಿಟ್ಟು ಪಕ್ಕದಲ್ಲೇ ಗ್ಯಾಸ್ ವೆಲ್ಡಿಂಗ್ ಟಾರ್ಚ್ ಹಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೊಸ ಗ್ಯಾಸ್ ಅಂಗಡಿಗೆ ಬೇಗ ಬರುತ್ತದೆ. ಅದನ್ನು ಕಲಿಸುವವರು ತಡವಾಗಿ ಬಂದರೆ ಸುಟ್ಟುಕೊಳ್ಳುವವರು ಇಪ್ಪತ್ತೆರಡು ವರ್ಷದ ಹೆಲ್ಪರ್ ಹುಡುಗರು.

ಇಂಜಿನಿಯರಿಂಗ್ ಕಾಲೇಜಿನ ನಮಗೆ ಟೂಲ್ ಬ್ಯಾಗ್ ಹೊರುವ ಪ್ರಮೇಯ ಕಡಿಮೆ. ನಮ್ಮ ಮೇಸ್ತ್ರಿ ಎಂದರೆ ಪ್ಲೇಸ್‌ಮೆಂಟ್ ಟ್ರೈನರ್. ಮೂರನೇ ವರ್ಷದಲ್ಲಿ ಒಂದು ವಾರ ಬಂದು ಆ್ಯಪ್ಟಿಟ್ಯೂಡ್, ಗ್ರೂಪ್ ಡಿಸ್ಕಷನ್, ಟೈ ಕಟ್ಟುವುದು ಎಲ್ಲ ಹೇಳಿಕೊಡುತ್ತಾರೆ. ಲೆಕ್ಚರರ್ ಮಾತಿಗೆ ಮೊಬೈಲ್ ನೋಡುವ ಹಿಂದಿನ ಬೆಂಚಿನವರೂ ಇವರ ಮಾತಿಗೆ ನೋಟ್ಸ್ ಬರೆದುಕೊಳ್ಳುತ್ತಾರೆ, ಕೆಲಸದ ಪ್ರಶ್ನೆ ನೋಡಿ! ಗ್ರೂಪ್ ಡಿಸ್ಕಷನ್‌ಗೆ ‘ಹವಾಮಾನ ಬದಲಾವಣೆ’ ವಿಷಯ ಬಂದರೆ ಮೊದಲು ಮಾತಾಡಿ, ಒಂದು ಅಂಕಿ ಹೇಳಿ, ಕೊನೆಗೆ ‘ಎಲ್ಲರೂ ಕೈಜೋಡಿಸಬೇಕು’ ಎಂದು ಮುಗಿಸಿ ಎಂಬುದು ನಮಗೆ ಸಿಕ್ಕ ಸೂತ್ರ. ಹತ್ತು ಜನರೂ ಕೈಜೋಡಿಸಲು ಹೊರಟು ಯಾರೂ ಏನೂ ಹೇಳದೆ ಹದಿನೈದು ನಿಮಿಷ ಮುಗಿಯಿತು.

ಇದೇ ಟ್ರೈನರ್ ‘ತೊಟ್ಟಿಗೆ ಎರಡು ನಲ್ಲಿ, ಒಂದು ತೂತು’ ಎಂಬ ಹಳೆಯ ಲೆಕ್ಕದ ಬದಲು ಹಾಸ್ಟೆಲಿನ ಫ್ಯಾನಿನ ಲೆಕ್ಕ ಕೊಡಬಹುದಲ್ಲ? ಮಾಮೂಲಿ ಫ್ಯಾನ್ 75 ವಾಟ್, ಬಿಎಲ್‌ಡಿಸಿ ಫ್ಯಾನ್ 35 ವಾಟ್ ಎಂದುಕೊಳ್ಳಿ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಫ್ಯಾನಿಗೆ 0.4 ಯೂನಿಟ್ ಉಳಿತಾಯ. ಇನ್ನೂರು ಫ್ಯಾನ್ ಇದ್ದರೆ ದಿನಕ್ಕೆ 80 ಯೂನಿಟ್. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿಗೆ ದಿನಕ್ಕೆ 56 ಕೆ.ಜಿ. ಯೂನಿಟ್‌ಗೆ ಏಳು ರೂಪಾಯಿ, ಹೊಸ ಫ್ಯಾನಿಗೆ 1,200 ರೂಪಾಯಿ ಹೆಚ್ಚು ಬೆಲೆ ಎಂದು ಹಿಡಿದರೆ ಹಾಕಿದ ದುಡ್ಡು ಎಷ್ಟು ದಿನದಲ್ಲಿ ವಾಪಸ್? ಉತ್ತರ ಸುಮಾರು 430 ದಿನ. ಶೇಕಡಾವಾರು, ಸರಾಸರಿ, ಅನುಪಾತ ಎಲ್ಲ ಇದರಲ್ಲೇ ಬಂತು. ಇಂಟರ್‌ವ್ಯೂನಲ್ಲಿ ಈ ಲೆಕ್ಕ ಹೇಳಿದವನಿಗೂ ‘ಕೈಜೋಡಿಸಬೇಕು’ ಎಂದವನಿಗೂ ವ್ಯತ್ಯಾಸ ಕಾಣದಷ್ಟು ಕುರುಡರಲ್ಲ ಕಂಪನಿಯವರು.

ಕ್ರೀಡಾ ಕೋಚ್‌ಗಳದ್ದೂ ಇಂಥದೇ ಅಧಿಕಾರ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ಬೇಸಿಗೆ ಕ್ರಿಕೆಟ್ ಶಿಬಿರವನ್ನು ಬೆಳಿಗ್ಗೆ ಎಂಟಕ್ಕೆ ಮೊದಲೇ ಮುಗಿಸುವ ಕೋಚ್, ಯಾಕೆ ಮುಗಿಸುತ್ತಿದ್ದೇನೆ ಎಂದು ಎರಡು ಮಾತು ಹೇಳಿದರೆ ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ. ಅಪ್ಪ ಅಮ್ಮ ಹೇಳಿದರೆ ಕುಡಿಯದ ನೀರನ್ನು ಕೋಚ್ ಹೇಳಿದರೆ ಕುಡಿಯುತ್ತಾರೆ.

‘ಇರುವ ಕೆಲಸಕ್ಕೇ ಸಂಬಳ ಸರಿಯಾಗಿಲ್ಲ, ಇನ್ನು ಹವಾಮಾನವನ್ನೂ ನಮ್ಮ ತಲೆಗೆ ಕಟ್ಟುತ್ತೀರಾ’ ಎಂದು ಅತಿಥಿ ಬೋಧಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ನಾನು ಹೊಸ ಪೀರಿಯಡ್, ಹೊಸ ಪುಸ್ತಕ ಕೇಳುತ್ತಿಲ್ಲ. ಈಗಿರುವ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ತಕ್ಕಡಿ ಇಡಲಿ. ಎಸಿ ಬಿಚ್ಚಿ ಜೋಡಿಸುವ ಮೊದಲು ಎಷ್ಟು ಗ್ರಾಂ ಗ್ಯಾಸ್ ಇತ್ತು, ಆಮೇಲೆ ಎಷ್ಟು ಉಳಿಯಿತು ಎಂದು ತೂಗಿ ಅಂಕ ಕೊಡಲಿ. ಅಂಕ ಹೋಗುತ್ತದೆ ಎಂದರೆ ಕಲಿಯುವವನೂ ಹುಷಾರು, ಕಲಿಸುವವನೂ ಹುಷಾರು. ಐಟಿಐ ಬೋಧಕರಾಗುವವರಿಗೇ ಒಂದು ವರ್ಷದ ತರಬೇತಿ ಕೋರ್ಸ್ ಇದೆ; ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಂಥ ಕಡೆ ಅದು ನಡೆಯುತ್ತದೆ. ತಕ್ಕಡಿ ಮೊದಲು ಅಲ್ಲಿಗೆ ಹೋಗಲಿ. ಅನುಭವದಿಂದ ಕಲಿತ ಮೇಸ್ತ್ರಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆಯೂ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಅಲ್ಲೂ ಅದೇ ತಕ್ಕಡಿ ಇರಲಿ.

ಅಷ್ಟರವರೆಗೆ ಬಾಡಿಗೆ ಮನೆ ಬದಲಿಸುವವರು ಎಸಿ ಬಿಚ್ಚಲು ಬಂದವರನ್ನು ‘ಪಂಪ್ ಡೌನ್ ಮಾಡ್ತೀರಾ?’ ಎಂದು ಕೇಳಬಹುದು. ನಮ್ಮಣ್ಣ ಈಗ ಮಾಡುತ್ತಾನಂತೆ, ಗಿರಾಕಿ ಕೇಳಿದರೆ. ಬಿಲ್ಲಿನಲ್ಲಿ ಮುನ್ನೂರು ರೂಪಾಯಿ ಬರೆಯುತ್ತಾನೆ. ಕೇಳದಿದ್ದರೆ? ‘ಮೇಸ್ತ್ರಿ ಜೊತೆಗಿರ್ತಾನಲ್ಲೋ’ ಅಂದ.